ಪ್ಯಾಂಟ್ ಟೈಲರ್ ಹೊಲಿದ ಟೆಂಟು

ಈ ಇಬ್ಬರು ಷಡ್ಡಕರ ಸಂಗತಿ ಹೇಳಲೇಬೇಕು. ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ಉಳಿದವರು ಅದನ್ನು ಒಳಗೆ ಬಚ್ಚಿಟ್ಟು ಮೇಲೆ ಹಲ್ಲು ಕಿಸಿಯುತ್ತಾರೆ. ಇವರು ಹಾಗಲ್ಲ. ಹೊಟ್ಟೆ ಉರಿದರೆ ಎದ್ದು ಕೆಲಸಕ್ಕೆ ಇಳಿಯುತ್ತಾರೆ. ಮೈ ಬಗ್ಗಿಸಿ, ಬೆವರು ಸುರಿಸಿ, ನಾಲ್ಕು ಜನರ ಕಣ್ಣೆದುರಿಗೇ ಉರಿದುಕೊಳ್ಳುತ್ತಾರೆ. ಕದ್ದುಮುಚ್ಚಿ ಏನೂ ಇಲ್ಲ. ಇಷ್ಟು ಪ್ರಾಮಾಣಿಕವಾಗಿ ಹೊಟ್ಟೆ ಉರಿಸಿಕೊಳ್ಳುವವರು ಈಗ ಸಿಗುವುದು ಕಷ್ಟ. ಅದಕ್ಕೇ ಹೇಳುತ್ತಿರುವುದು.

ಒಬ್ಬ ಟೈಲರ್. ಪ್ಯಾಂಟು ಮಾತ್ರ ಹೊಲಿಯುತ್ತಾನೆ. ಶರ್ಟಿನ ಬಟ್ಟೆ ತಂದವರಿಗೆ ತಲೆ ಎತ್ತದೆ "ಪಕ್ಕದ ಬೀದಿ" ಅನ್ನುತ್ತಾನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕಿಗೆ ಅವನ ಮಿಷಿನ್ನು, ಗೋಡೆಯ ಕಡೆಗೆ ಕತ್ತರಿಸುವ ಮೇಜು, ಮೇಜಿನ ಮಗ್ಗುಲಲ್ಲಿ ಅವನ ಹೆಂಡತಿ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಕಾಲಿನ ಅಂಚು ಮಡಚಿ ಹೊಲಿಯುವುದು, ಜೊತೆಗೆ ಗಿರಾಕಿಗಳ ಹತ್ತಿರ ಮಾತಾಡುವುದು ಎಲ್ಲ ಅವಳದೇ. ಟೈಲರಿನ ಬಾಯಲ್ಲಿ ಸಾಮಾನ್ಯವಾಗಿ ದಾರದ ತುದಿ ಇರುತ್ತದೆ. ಮಾತಿಗೆ ಜಾಗವಿಲ್ಲ.

ಇನ್ನೊಬ್ಬ ಆ ಹೆಂಡತಿಯ ಅಕ್ಕನ ಗಂಡ. ಲಿಫ್ಟ್ ಮೆಕ್ಯಾನಿಕ್. ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ನಡುವೆ ನಿಂತು ಜನ ಒಳಗೆ ಸಿಕ್ಕಿಹಾಕಿಕೊಂಡರೆ ಫೋನು ಬರುವುದು ಇವನಿಗೆ. ಚೀಲ ಹೆಗಲಿಗೇರಿಸಿ ಹೋಗಿ, ಬಾಗಿಲು ತೆಗೆದು, ಅವರನ್ನು ಈಚೆಗೆ ತರುತ್ತಾನೆ. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಅದನ್ನು ಮನೆಮಂದಿಗೆ ಹೇಳುತ್ತಾನೆ.

"ಬಾಗಿಲು ತೆಗೆದ ತಕ್ಷಣ ಒಬ್ಬ ಮುದುಕಪ್ಪ ನನ್ನ ಎರಡೂ ಕೈ ಹಿಡ್ಕೊಂಡುಬಿಟ್ರು. 'ನೀವು ಬರದಿದ್ರೆ ನನ್ನ ಕತೆ ಮುಗೀತಿತ್ತು' ಅಂದ್ರು."

ಟೈಲರ್ ಇದನ್ನು ಕೇಳುತ್ತಾ ಅನ್ನ ಕಲಸುತ್ತಲೇ ಇರುತ್ತಿದ್ದ. ಅನ್ನ ಹಿಟ್ಟಾಗುತ್ತಿತ್ತು. ಅವನಿಗೆ ಪ್ಯಾಂಟು ಕೊಟ್ಟಾಗ ಯಾರೂ ಕೈ ಹಿಡಿದುಕೊಂಡದ್ದಿಲ್ಲ. "ಸೊಂಟ ಸ್ವಲ್ಪ ಬಿಗಿ" ಅಂದಿದ್ದಾರೆ.

ಇಷ್ಟಿದ್ದರೂ ಅವನು ಸಹಿಸಿಕೊಂಡೇ ಇದ್ದ. ಸಹನೆಯ ದಾರ ಕಿತ್ತುಹೋದದ್ದು ಟೆಂಟಿನಿಂದ.

ರಜೆಗೆ ಎರಡೂ ಮನೆಯವರು ಸೇರಿ ನದಿ ದಂಡೆಯ ಸರ್ಕಾರಿ ಪಾರ್ಕಿಗೆ ಹೋಗಿ ಎರಡು ರಾತ್ರಿ ಟೆಂಟಿನಲ್ಲಿ ಉಳಿಯುವುದು ಅಂತ ಮಾತಾಗಿತ್ತು. ಲಿಫ್ಟ್ ಮೆಕ್ಯಾನಿಕ್ ನೀಲಿ ಬಣ್ಣದ ದೊಡ್ಡ ಟೆಂಟು ತಂದ. ತಂದವನು ಸುಮ್ಮನಿರದೆ ತನ್ನ ಮನೆಯ ತಾರಸಿ ಮೇಲೆ ಅದನ್ನು ಬಿಡಿಸಿ ನಿಲ್ಲಿಸಿ ಟೈಲರಿನ ಮಗಳನ್ನು ಕರೆಸಿದ. ಆ ಹುಡುಗಿಯನ್ನು ಎಲ್ಲರೂ ಪುಟ್ಟಿ ಅನ್ನುವುದು. ಇನ್ನೂ ಹಾಲುಹಲ್ಲು ಬೀಳುತ್ತಿರುವ ವಯಸ್ಸು. ಲಿಫ್ಟ್ ಮೆಕ್ಯಾನಿಕ್ಕಿಗೆ ಮಕ್ಕಳಿಲ್ಲ. ಪುಟ್ಟಿ ಎಂದರೆ ಅವನಿಗೆ ಪ್ರಾಣ. ಟೈಲರಿಗೂ ಪ್ರಾಣ. ತೊಂದರೆ ಅಲ್ಲೇ ಇದ್ದದ್ದು.

ಪುಟ್ಟಿ ಓಡುತ್ತಾ ಮನೆಗೆ ಬಂದಳು.

"ಅಪ್ಪಾ, ದೊಡ್ಡಪ್ಪನ ಟೆಂಟಲ್ಲಿ ಎರಡು ರೂಮಿದೆ. ಕಿಟಕಿ ಇದೆ. ಮೇಲೆ ಫ್ಯಾನ್ ತಗಲಿಸೋಕೆ ಕೊಂಡಿ ಇದೆ. ನಾನು ಅಲ್ಲೇ ಮಲಗ್ತೀನಿ."

"ಭಾವ ಎಲ್ರಿಗೂ ಜಾಗ ಆಗುತ್ತೆ ಅಂದ್ರು," ಅಂದಳು ಹೆಂಡತಿ. "ನಮ್ಮಮ್ಮನೂ ಬರ್ತಾಳೆ, ಅಲ್ಲೇ ಮಲಗ್ತಾಳಂತೆ. ನಾವೂ ಅಲ್ಲೇ ಇದ್ರಾಯ್ತು."

ಟೈಲರ್ ಬಾಯಿಂದ ದಾರ ತೆಗೆದ. ಅವನು ದಾರ ತೆಗೆದನೆಂದರೆ ಏನೋ ದೊಡ್ಡದೇ ಬರುತ್ತದೆ ಅಂತ ಹೆಂಡತಿಗೆ ಗೊತ್ತು.

"ನನ್ನ ಮಗಳು ಇನ್ನೊಬ್ಬರ ಟೆಂಟಲ್ಲಿ ಮಲಗಲ್ಲ. ನಮ್ಮದ್ರಲ್ಲೇ ಮಲಗ್ತಾಳೆ."

"ನಮ್ಮದು ಎಲ್ಲಿದೆ?"

"ಹೊಲಿತೀನಿ."

"ನೀವಾ? ನೀವು ಶರ್ಟೇ ಹೊಲಿಯಲ್ಲ."

"ಶರ್ಟಿಗೆ ತೋಳಿರುತ್ತೆ. ಟೆಂಟಿಗೆ ತೋಳಿಲ್ಲ."

ಇಷ್ಟು ಹೇಳಿ ಟೈಲರ್ ದಾರವನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಅವತ್ತಿನಿಂದ ಅಂಗಡಿಯಲ್ಲಿ ಪ್ಯಾಂಟು ಹೊಲಿಯುವುದು ನಿಂತಿತು. ಇಂಟರ್‌ವ್ಯೂಗೆ ಹೊಸ ಪ್ಯಾಂಟು ಬೇಕೆಂದು ಕಾದಿದ್ದವನು ಹಳೆಯದನ್ನೇ ಹಾಕಿಕೊಂಡು ಹೋದ. ಗಿರಾಕಿಗಳು ಬಂದರೆ ಹೆಂಡತಿ "ಮಿಷಿನ್ ಕೆಟ್ಟಿದೆ" ಅನ್ನುತ್ತಿದ್ದಳು. ಅವಳ ಬೆನ್ನ ಹಿಂದೆ ಮಿಷಿನ್ನು ಧಡಧಡ ಓಡುತ್ತಿರುತ್ತಿತ್ತು. ಗಿರಾಕಿಗಳು ಕತ್ತು ಚಾಚಿ ನೋಡುತ್ತಿದ್ದರು. "ಕೆಟ್ಟಿರೋದಕ್ಕೇ ನಿಲ್ತಾ ಇಲ್ಲ," ಅನ್ನುತ್ತಿದ್ದಳು ಅವಳು.

ಟೈಲರ್ ಅಂಗಡಿಯಲ್ಲಿ ಉಳಿದಿದ್ದ ದಪ್ಪ ಪ್ಯಾಂಟು ಬಟ್ಟೆಗಳನ್ನೆಲ್ಲ ಕೂಡಿಸಿ ಗೋಡೆ ಮಾಡಿದ. ಒಂದು ಪಟ್ಟೆ ಬೂದಿ, ಒಂದು ಪಟ್ಟೆ ಕಂದು, ನಡುವೆ ಚೌಕುಳಿ. ತಳಕ್ಕೆ ಕ್ಯಾನ್ವಾಸು. ಇರುವೆ ಕೂಡ ನುಗ್ಗಬಾರದೆಂದು ತಳವನ್ನು ಗೋಡೆಗೆ ಸುತ್ತಲೂ ಡಬಲ್ ಹೊಲಿಗೆ ಹಾಕಿ ಕೂರಿಸಿದ. ಕಿಟಕಿಗೆ ಬಲೆ, ಅದಕ್ಕೂ ಡಬಲ್ ಹೊಲಿಗೆ. ಹಗ್ಗ ಪೋಣಿಸಲು ಬೆಲ್ಟಿನ ಲೂಪುಗಳು. ಒಳಗೋಡೆಗೆ ಜೇಬುಗಳು. ಜೇಬು ಹೊಲಿಯಲು ಶುರು ಮಾಡಿದ ಕೈ ನಿಲ್ಲಲಿಲ್ಲ. ಮುಂಜೇಬು, ಗುಂಡಿ ಇರುವ ಹಿಂಜೇಬು, ಚಿಲ್ಲರೆ ಹಾಕುವ ಮರಿಜೇಬು, ಜೇಬಿನ ಒಳಗೆ ಇನ್ನೊಂದು ಜೇಬು. ಕಾಜಾ ಮಾಡಿ ಮಾಡಿ ಹೆಂಡತಿಯ ಬೆರಳು ಊದಿತು. ಬಾಗಿಲಿಗೆ ಉದ್ದನೆಯ ಜಿಪ್ಪು ಹಾಕಿ, ಮೇಲ್ತುದಿಗೆ ಗಟ್ಟಿ ಹುಕ್ಕು ಕೊಟ್ಟು, ಜಿಪ್ಪು ಮೈಗೆ ಕಚ್ಚದಂತೆ ಒಳಗಡೆ ಅಗಲ ಪಟ್ಟಿಯನ್ನೂ ಇಟ್ಟ. ಹೀಗೆ ಲೋಕದಲ್ಲಿ ಮೊದಲ ಬಾರಿಗೆ ಒಂದು ಕುಟುಂಬ ಪೂರ್ತಿ ಹಿಡಿಸುವ ಪ್ಯಾಂಟು ತಯಾರಾಯಿತು.

ಹೊಲಿದ ಮೇಲೆ ಟ್ರಯಲ್ ನೋಡದೆ ಬಿಡುವ ಟೈಲರ್ ಅವನಲ್ಲ. ಮೇಜು ಸರಿಸಿ, ಅಂಗಡಿಯಲ್ಲೇ ಟೆಂಟು ನಿಲ್ಲಿಸಿ, ಹೆಂಡತಿಯನ್ನೂ ಮಗಳನ್ನೂ ಒಳಗೆ ಕಳಿಸಿದ. ಜಿಪ್ಪು ಎಳೆದ. ಹುಕ್ಕು ಹಾಕಿದ. ಟೇಪು ಕೊರಳಿಗೆ ಹಾಕಿಕೊಂಡು ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದ.

"ಬಿಗಿ ಇದೆಯಾ?"

"ಇಲ್ಲ," ಒಳಗಿಂದ ಹೆಂಡತಿ.

"ಸೊಂಟದ ಹತ್ರ?"

"ಟೆಂಟಿಗೆ ಸೊಂಟ ಎಲ್ಲಿದೇರೀ?"

ಟೈಲರಿಗೆ ತೃಪ್ತಿಯಾಯಿತು. ಹುಕ್ಕು ತೆಗೆದು, ಜಿಪ್ಪು ಇಳಿಸಿ, ಇಬ್ಬರನ್ನೂ ಈಚೆಗೆ ಬಿಟ್ಟ.

ಪಾರ್ಕು ಚೆನ್ನಾಗಿತ್ತು. ಅಗಲವಾದ ನದಿ, ದಂಡೆಯುದ್ದಕ್ಕೂ ಮರಗಳು, ಮರಗಳ ನಡುವೆ ಟೆಂಟು ಹಾಕಲು ಸಮ ಮಾಡಿದ ಜಾಗಗಳು. ಒಂದು ಕಡೆ ನೀರಿನ ನಲ್ಲಿ. ಶೌಚಾಲಯ ಮಾತ್ರ ಏರಿನ ಮೇಲೆ, ಸ್ವಲ್ಪ ದೂರ. ಎರಡು ಮನೆಯವರಿಗೂ ಅಕ್ಕಪಕ್ಕದ ಜಾಗವೇ ಸಿಕ್ಕಿತು.

ಲಿಫ್ಟ್ ಮೆಕ್ಯಾನಿಕ್ ತನ್ನ ಟೆಂಟನ್ನು ಚೀಲದಿಂದ ತೆಗೆದು ಹುಲ್ಲಿನ ಮೇಲೆ ಒಗೆದ. ಅದು ಕೊಡೆ ಬಿಚ್ಚಿದ ಹಾಗೆ ತಾನೇ ಎದ್ದು ನಿಂತಿತು. ಅವನು ಮಡಚುವ ಕುರ್ಚಿ ಹಾಕಿ ಕೂತು ಟೀ ಕುಡಿಯತೊಡಗಿದ. ಟೈಲರ್ ಅಂಗಡಿಯಲ್ಲಿ ಪ್ಯಾಂಟು ನೇತುಹಾಕುವ ಪೈಪುಗಳನ್ನೇ ಕಿತ್ತು ತಂದಿದ್ದ. ಒಂದು ಪೈಪು ನಿಲ್ಲಿಸಿದರೆ ಇನ್ನೊಂದು ಬೀಳುತ್ತಿತ್ತು. ಮಧ್ಯಾಹ್ನ ಕಳೆದು ಹೋಯಿತು.

"ಟೈಲರ್ ಸಾಹೇಬ್ರೆ," ಕುರ್ಚಿಯಿಂದ ದನಿ ಬಂತು, "ಇದಕ್ಕೆ ಬೆಲ್ಟ್ ತರಲಿಲ್ವಾ?"

ಟೈಲರ್ ಗೂಟ ಬಡಿದ.

"ಇಸ್ತ್ರಿ ಮಾಡಿಸಿದ್ಯೋ ಹಾಗೇ ತಂದ್ಯೋ?"

ಟೈಲರ್ ಇನ್ನೊಂದು ಗೂಟ ಬಡಿದ. ಆ ಗೂಟ ಪೂರ್ತಿ ನೆಲದೊಳಗೆ ಹೋಯಿತು.

ಅಷ್ಟರಲ್ಲಿ ಪುಟ್ಟಿ ತನ್ನ ಹೊದಿಕೆ, ದಿಂಬು ಎರಡನ್ನೂ ದೊಡ್ಡಪ್ಪನ ನೀಲಿ ಟೆಂಟಿಗೆ ಸಾಗಿಸಿಯಾಗಿತ್ತು. ಅಲ್ಲಿಂದ ಅವಳ ನಗು ಕೇಳಿಸುತ್ತಿತ್ತು. ಬ್ಯಾಟರಿ ಫ್ಯಾನಿನ ಗುಂಯ್ ಸದ್ದೂ ಕೇಳಿಸುತ್ತಿತ್ತು. ಟೈಲರಿಗೆ ಆ ಫ್ಯಾನಿನ ಗಾಳಿ ಬಂದು ತನ್ನ ಹೊಟ್ಟೆಯ ಬೆಂಕಿಗೇ ತಾಗಿದ ಹಾಗಾಯಿತು.

"ಕರೀರಿ ಅವಳನ್ನ," ಅಂದಳು ಹೆಂಡತಿ.

"ನಾನ್ಯಾಕೆ ಕರೀಲಿ? ಬಂದ್ರೆ ತಾನಾಗೇ ಬರ್ಲಿ."

"ಬರದಿದ್ರೆ?"

ಬರದಿದ್ದರೆ ಏನು ಅಂತ ಟೈಲರ್ ಯೋಚಿಸಿರಲಿಲ್ಲ. ಇಷ್ಟು ದಿನ ಹೊಲಿದದ್ದೆಲ್ಲ ಅವಳು ಒಂದು ರಾತ್ರಿ ಅದರಲ್ಲಿ ಮಲಗಲಿ ಅಂತ. ಅವಳೇ ಅಲ್ಲಿದ್ದರೆ ಇದು ಬರೀ ಚಿಂದಿಯ ಗುಡ್ಡೆ.

ಬಿಸಿಲು ಇಳಿಯುವ ಹೊತ್ತಿಗೆ ಪುಟ್ಟಿ ನದಿಯಿಂದ ಲಂಗದ ಮಡಿಲು ತುಂಬ ಕಲ್ಲು ಹೆಕ್ಕಿ ತಂದಳು. ಬಿಳಿಯದು, ಹಸಿರು ಗೆರೆಯದು, ಮೊಟ್ಟೆಯಂಥದ್ದು. ನೀಲಿ ಟೆಂಟಿನ ಒಳಗೆ ಕಾಲಿಟ್ಟ ತಕ್ಷಣ ಅವಳ ದೊಡ್ಡಮ್ಮನ ದನಿ ಬಂತು.

"ಅಯ್ಯೋ, ಕೆಸರು ಒಳಗೆ ತರ್ಬೇಡ ಪುಟ್ಟಿ. ಹೊರಗಿಟ್ಟು ಬಾ."

"ಹೊರಗಿಟ್ರೆ ಯಾರಾದ್ರೂ ತಗೊಂಡು ಹೋಗ್ತಾರೆ."

"ಕಲ್ಲನ್ನ ಯಾರು ತಗೊಂಡು ಹೋಗ್ತಾರೆ?"

ಪುಟ್ಟಿ ಬಾಗಿಲಲ್ಲಿ ತುಟಿ ಊದಿಸಿಕೊಂಡು ನಿಂತಳು. ಟೈಲರ್ ಹಗ್ಗ ಬಿಗಿಯುತ್ತಾ, ಅವಳ ಕಡೆ ನೋಡದೆ, ಗಾಳಿಗೆ ಹೇಳುವವನ ಹಾಗೆ ಹೇಳಿದ:

"ನಮ್ಮಲ್ಲಿ ಜೇಬಿದೆ."

ಪುಟ್ಟಿ ಅಪ್ಪನ ಟೆಂಟಿನ ಒಳಗೆ ಹೋದಳು. ಆಮೇಲೆ ಗುಂಡಿ ಹಾಕುವ ಸದ್ದು, ತೆಗೆಯುವ ಸದ್ದು. "ಅಪ್ಪಾ, ಜೇಬೊಳಗೆ ಜೇಬಿದೆ" ಅನ್ನುವ ಕೂಗು. ಒಂದೊಂದು ಕಲ್ಲಿಗೆ ಒಂದೊಂದು ಮನೆ ಸಿಕ್ಕಿತು. ಮರಿಕಲ್ಲಿಗೆ ಮರಿಜೇಬು. ಕೊನೆಗೆ ಅವಳು ಹೋಗಿ ನೀಲಿ ಟೆಂಟಿನಿಂದ ಹೊದಿಕೆ, ದಿಂಬು ಎಳೆದುಕೊಂಡು ಬಂದಳು. ಹೊದಿಕೆ ಹುಲ್ಲಿನ ಮೇಲೆ ತೆವಳಿಕೊಂಡು ಬರುವುದನ್ನು ಟೈಲರ್ ನೋಡಿದ. ಅಷ್ಟು ಚಂದದ ಮೆರವಣಿಗೆಯನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಈಗ ಕುರ್ಚಿಯಲ್ಲಿದ್ದವನ ಸರದಿ. ಟೀ ಆರಿತ್ತು.

"ಪುಟ್ಟಿ, ಇಲ್ಲಿ ಫ್ಯಾನ್ ಇದೆ ಕಣಮ್ಮ."

"ಕಲ್ಲಿಗೆ ಫ್ಯಾನ್ ಬೇಡ ದೊಡ್ಡಪ್ಪ."

ಲಿಫ್ಟ್ ಮೆಕ್ಯಾನಿಕ್ ಎದ್ದು ಬಂದ. ಟೈಲರ್ ಹೊಲಿದ ಟೆಂಟಿನೊಳಗೆ ತಲೆ ಹಾಕಿ ಒಂದು ಹಿಂಜೇಬಿನೊಳಗೆ ಕೈ ಇಳಿಸಿದ. ಗುಂಡಿ ಹಾಕಿದ. ತೆಗೆದ. ಮತ್ತೆ ಹಾಕಿದ.

"ಗೋಡೆಗೆ ಯಾಕಯ್ಯಾ ಜೇಬು?"

"ಹಾಗೇ."

"ಅಲ್ಲಾರೀ," ಪುಟ್ಟಿಯ ದೊಡ್ಡಮ್ಮ ನೀಲಿ ಟೆಂಟಿನಿಂದ ಗಂಡನನ್ನು ಕೇಳಿದಳು, "ಅಷ್ಟು ದೊಡ್ಡ ಟೆಂಟಲ್ಲಿ ನನ್ನ ಕನ್ನಡಕ ಇಡೋಕೆ ಒಂದು ಜೇಬಿಲ್ಲವಲ್ಲ, ಯಾಕೆ?"

ಲಿಫ್ಟ್ ಮೆಕ್ಯಾನಿಕ್ ಹೋಗಿ ಕುರ್ಚಿಯನ್ನು ಮಡಚಿದ. ಆವತ್ತು ಸಂಜೆ ಎಲ್ಲರೂ ಸೌದೆ ಒಲೆಯ ಸುತ್ತ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನುವಾಗ ಅವನು ಲಿಫ್ಟಿನ ಒಂದು ಕತೆಯನ್ನೂ ಹೇಳಲಿಲ್ಲ. ಟೈಲರ್ ಮೂರು ಮೊಟ್ಟೆ ತಿಂದ.

ಮಲಗುವಾಗ ಟೈಲರ್ ಬಾಗಿಲು ಹಾಕಲಿಲ್ಲ. "ಗಾಳಿ ಬರಲಿ" ಅಂದ. ಗಾಳಿಗಾಗಿ ಅಲ್ಲ. ಪಕ್ಕದ ಟೆಂಟಿನವನು ಎದ್ದು ಬಂದರೆ ಯಾರ ಮಗಳು ಯಾರ ಟೆಂಟಿನಲ್ಲಿ ಮಲಗಿದ್ದಾಳೆ ಅನ್ನುವುದು ಸರಿಯಾಗಿ ಕಾಣಲಿ ಅಂತ. ಹಾಗೆ ಮಗಳ ತಲೆಯನ್ನು ಬಾಗಿಲ ಕಡೆಗೇ ಮಾಡಿ ಮಲಗಿಸಿ, ವಿಜಯಶಾಲಿಯಾಗಿ ನಿದ್ದೆ ಹೋದ.

ಬೆಳಿಗ್ಗೆ ಹಕ್ಕಿಗಳು ಕೂಗುತ್ತಿದ್ದವು. ಯಾರೋ ಅವನ ಭುಜ ಅಲ್ಲಾಡಿಸುತ್ತಿದ್ದರು.

"ಅಪ್ಪಾ. ನಂಗೆ ಒಂದಕ್ಕೆ ಬರ್ತಿದೆ."

"ಹೋಗಿ ಬಾ ಕಂದಾ."

"ಬಾಗಿಲಿಲ್ಲ."

"ಬಾಗಿಲು ಎಲ್ಲಿಗೆ ಹೋಗುತ್ತೆ?" ಅನ್ನುತ್ತಾ ಟೈಲರ್ ಕಣ್ಣು ಬಿಟ್ಟ. ಬಾಗಿಲು ಎಲ್ಲಿಗೂ ಹೋಗಿರಲಿಲ್ಲ. ಮುಚ್ಚಿತ್ತು. ಜಿಪ್ಪು ಕೆಳಗಿನಿಂದ ಮೇಲಿನವರೆಗೂ ಏರಿತ್ತು.

ಅವನು ಎದ್ದು ಕೂತು ಪಟ್ಟಿ ಎತ್ತಿ ಜಿಪ್ಪಿನ ಬಾಲಕ್ಕೆ ಕೈ ಹಾಕಿದ. ಕೈಗೆ ಏನೂ ಸಿಗಲಿಲ್ಲ. ಇನ್ನೊಮ್ಮೆ ತಡಕಿದ. ಜಿಪ್ಪನ್ನು ಏರಿಸಿ ಇಳಿಸುವ ರನ್ನರಿನ ಬೆನ್ನು ಮಾತ್ರ ಇತ್ತು. ಬೋಳಾಗಿ, ನುಣ್ಣಗೆ. ಬಾಲ ಆ ಕಡೆ, ಹೊರಗೆ. ಹುಕ್ಕೂ ಹೊರಗೆ.

ಪ್ಯಾಂಟು ಹಾಕಿದವನು ಒಳಗಿರುತ್ತಾನೆ, ಆದರೆ ಅವನ ಕೈ ಹೊರಗಿರುತ್ತದೆ. ಟೆಂಟಿನಲ್ಲಿ ಮಲಗಿದವನ ಕೈ ಅವನ ಜೊತೆಗೆ ಒಳಗೇ ಇರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಟೈಲರಿಗೆ ಆವತ್ತಿನವರೆಗೂ ಹೊಳೆದಿರಲಿಲ್ಲ.

ಹೆಂಡತಿ ಎದ್ದಳು. ಗಂಡನ ಬೆನ್ನು ನೋಡಿಯೇ ವಿಷಯ ಅವಳಿಗೆ ಗೊತ್ತಾಯಿತು.

"ಟ್ರಯಲ್ ನೋಡಿದ್ರಲ್ಲಾ?"

"ನೋಡಿದ್ದೆ."

"ಎಲ್ಲಿಂದ ನೋಡಿದ್ರಿ?"

"ಹೊರಗಿಂದ."

ಹೆಂಡತಿ ಹಣೆ ಹಿಡಿದುಕೊಂಡಳು. "ಯಾರು ಹಾಕಿದ್ದು ಇದನ್ನ?"

ಅದು ಆಮೇಲೆ ತಿಳಿಯಿತು. ಅತ್ತೆ, ಅಂದರೆ ಹೆಂಡತಿಯ ತಾಯಿ, ನಸುಕಿನಲ್ಲೇ ಎದ್ದು ಮುಖ ತೊಳೆಯಲು ಹೊರಟವರು ಬಾಗಿಲು ತೆರೆದಿರುವುದನ್ನು ಕಂಡು, ಮೊಮ್ಮಗಳಿಗೆ ನೆಗಡಿಯಾದೀತು ಅಂತ ಜಿಪ್ಪು ಎಳೆದು ಹುಕ್ಕನ್ನೂ ಹಾಕಿ ಹೋಗಿದ್ದರು. ಪ್ರೀತಿಯಿಂದ ಮಾಡಿದ ಕೆಲಸ. ಅಷ್ಟೇ ಗಟ್ಟಿಯಾಗಿತ್ತು.

"ಅಪ್ಪಾ, ಬೇಗ."

"ಸ್ವಲ್ಪ ತಡ್ಕೋ ಕಂದಾ."

"ತಡ್ಕೊಂಡು ಆದ್ಮೇಲೇ ನಿನ್ನನ್ನ ಎಬ್ಬಿಸಿದ್ದು."

ಟೈಲರ್ ಪಿನ್ನು ತೆಗೆದುಕೊಂಡು ರನ್ನರನ್ನು ಚುಚ್ಚಿದ. ಪಿನ್ನು ಬಾಗಿತು. ತಳ ಎತ್ತಿ ನುಸುಳೋಣವೆಂದರೆ ಡಬಲ್ ಹೊಲಿಗೆ. ಕಿಟಕಿಯ ಬಲೆ ಕೀಳೋಣವೆಂದರೆ ಅಲ್ಲೂ ಡಬಲ್ ಹೊಲಿಗೆ. ತನ್ನ ಕೈಕೆಲಸ ಇಷ್ಟು ಗಟ್ಟಿ ಅಂತ ಅವನಿಗೆ ಮೊದಲ ಬಾರಿಗೆ ಬೇಸರವಾಯಿತು.

"ಆ ಜೇಬಲ್ಲಿ ಕತ್ತರಿ ಇದೆ," ಅಂದಳು ಹೆಂಡತಿ. "ಕತ್ತರಿಸಿಬಿಡಿ."

"ನನ್ನ ಹೊಲಿಗೆ ನಾನೇ ಕತ್ತರಿಸ್ಲಾ? ಆ ತೂತಲ್ಲಿ ತಲೆ ಹಾಕಿ ನಗ್ತಾರೆ ನಿನ್ನ ಭಾವ."

"ಹಾಗಾದ್ರೆ ಭಾವನ್ನೇ ಕರೀರಿ."

"ಕರೆದ್ರೆ ಬಾಗಿಲಲ್ಲಿ ನಿಂತು ನಗ್ತಾರೆ."

"ಎಲ್ಲಾದ್ರೂ ನಿಂತು ನಗಲಿ. ಮಗು ನಿಲ್ಲೋ ಹಾಗಿಲ್ಲ."

ಪುಟ್ಟಿ ಕಾಲು ಹೆಣೆದುಕೊಂಡು ಕುಣಿಯುತ್ತಿದ್ದಳು. ಹೊರಗೆ ಹೆಜ್ಜೆ ಸದ್ದಾಯಿತು. ಕಿಟಕಿಯ ಬಲೆಯಲ್ಲಿ ಅತ್ತೆಯ ಸೀರೆ ಕಂಡಿತು. ಟೈಲರ್ ಬಲೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ:

"ಅತ್ತೆ."

"ಎದ್ರಾ ಅಳಿಯಂದ್ರೆ? ನಿದ್ದೆ ಚೆನ್ನಾಗಾಯ್ತಾ?"

"ಸ್ವಲ್ಪ ಬಾಗಿಲು ತೆಗೀರಿ. ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ?" ಅನ್ನುತ್ತಾ ಅತ್ತೆ ಬಂದು ಹುಕ್ಕಿಗೆ ಕೈ ಹಾಕಿದರು. ಎಳೆದರು. ತಿರುಚಿದರು. "ಹಾಕೋವಾಗ ಸಲೀಸಾಗಿ ಹೋಯ್ತು. ಈಗ ಬಿಚ್ಚೋಕೇ ಬರ್ತಿಲ್ಲ. ತಡೀರಿ." ಎರಡು ಹೆಜ್ಜೆ ಹೋಗಿ ಅವರು ನೀಲಿ ಟೆಂಟಿನ ಕಡೆ ತಿರುಗಿ, ಇಡೀ ದಂಡೆಗೆ ಕೇಳುವ ಹಾಗೆ ಕೂಗಿದರು: "ದೊಡ್ಡಳಿಯಂದ್ರೇ, ಚಿಕ್ಕಳಿಯಂದ್ರು ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ. ಯಾರಿಗೂ ಹೇಳ್ಬೇಡಿ ಅಂದ್ರು."

ಟೈಲರ್ ತಲೆಯ ಮೇಲೆ ಹೊದಿಕೆ ಎಳೆದುಕೊಂಡ.

ಲಿಫ್ಟ್ ಮೆಕ್ಯಾನಿಕ್ ಬಂದ. ಓಡಿ ಬರಲಿಲ್ಲ. ಮುಖ ತೊಳೆದು, ತಲೆ ಬಾಚಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದ. ವಿಹಾರಕ್ಕೆ ಬಂದರೂ ಚೀಲ ಬಿಟ್ಟು ಬರುವವನಲ್ಲ. ಟೆಂಟಿನ ಮುಂದೆ ಮಂಡಿಯೂರಿ ಕೂತು ಗಂಟಲು ಸರಿಮಾಡಿಕೊಂಡ. ಅಕ್ಕಪಕ್ಕದ ಟೆಂಟಿನವರು ಹಲ್ಲುಜ್ಜುತ್ತಲೇ ಹತ್ತಿರ ಬಂದು ನಿಂತರು.

"ಗಾಬರಿಯಾಗಬೇಡಿ. ಒಳಗೆ ಎಷ್ಟು ಜನ ಇದ್ದೀರಿ?"

"ನಿಮಗೆ ಗೊತ್ತಿಲ್ವಾ ಅಣ್ಣ?"

"ಗೊತ್ತಿದ್ರೂ ಕೇಳ್ಬೇಕು. ರೂಲ್ಸು. ಎಲ್ಲರ ಉಸಿರಾಟ ಸರಿಯಾಗಿದೆಯಾ?"

"ಇದೆ."

"ಬಾಗಿಲಿಗೆ ಒರಗಬೇಡಿ. ಒಬ್ಬರನ್ನೊಬ್ಬರು ತಳ್ಳಬೇಡಿ. ಯಾರಿಗಾದ್ರೂ ತುರ್ತು ತೊಂದರೆ ಇದೆಯಾ?"

"ದೊಡ್ಡಪ್ಪಾ, ನಂಗೆ ಒಂದಕ್ಕೆ."

ಪುಟ್ಟಿಯ ದನಿ ಕೇಳಿದ್ದೇ ಅವನ ಕೈ ಚುರುಕಾಯಿತು. ಆದರೆ ಟೈಲರ್ ಮೇಲಿನ ಉರಿ ಅಷ್ಟು ಬೇಗ ಆರುವುದೆಲ್ಲಿ? ಹುಕ್ಕು ತೆಗೆದ. ರನ್ನರಿನ ಬಾಲಕ್ಕೆ ಬೆರಳಿಟ್ಟು ನಿಲ್ಲಿಸಿದ.

"ತಮ್ಮಾ, ಒಂದು ಮಾತು ಕೇಳ್ತೀನಿ. ಯಾರ ಟೆಂಟು ಚೆನ್ನಾಗಿದೆ?"

ಒಳಗೆ ಟೈಲರ್ ಹೆಂಡತಿಯನ್ನು ನೋಡಿದ. ಮಗಳನ್ನು ನೋಡಿದ. ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಕುಣಿಯುವುದನ್ನೂ ನಿಲ್ಲಿಸಿಬಿಟ್ಟಿದ್ದಳು. ಕುಣಿದರೆ ಕೆಲಸ ಕೆಡುವ ಘಟ್ಟ ಅದು. ಟೈಲರ್ ಹೊದಿಕೆ ಪಕ್ಕಕ್ಕೆ ಎಸೆದ. ಜೀವಮಾನದಲ್ಲಿ ಅವನು ದನಿ ಎತ್ತಿದ್ದು ಅದೊಂದು ಸಲ.

"ನಿಮ್ಮದೇ ಚೆನ್ನಾಗಿದೆ ಅಣ್ಣ. ನಿಮ್ಮ ಟೆಂಟು, ನಿಮ್ಮ ಫ್ಯಾನು, ನಿಮ್ಮ ಲಿಫ್ಟು, ಎಲ್ಲಾ ನಿಮ್ಮದೇ ಚೆನ್ನಾಗಿದೆ. ನಂದು ಬರೀ ಪ್ಯಾಂಟು. ತೆಗೀರಿ."

ನದಿಯ ಆ ದಡದವರಿಗೂ ಕೇಳಿಸಿರಬೇಕು. ಹಲ್ಲುಜ್ಜುತ್ತಿದ್ದವರ ಕೈ ನಿಂತಿತು.

"ಇನ್ನೊಂದ್ಸಲ ಹೇಳು," ಅಂದ ಲಿಫ್ಟ್ ಮೆಕ್ಯಾನಿಕ್.

"ಭಾವ," ಒಳಗಿಂದ ಟೈಲರಿನ ಹೆಂಡತಿ ಮೆಲ್ಲಗೆ ಹೇಳಿದಳು, "ಇನ್ನೊಂದ್ಸಲ ಹೇಳಿಸಿದ್ರೆ ಮಗುವಿನ ಬಟ್ಟೆ ನೀವೇ ಒಗೀಬೇಕು."

ಜಿಪ್ಪು ಸರ್ರನೆ ಇಳಿಯಿತು. ಪುಟ್ಟಿ ಬಾಣದ ಹಾಗೆ ಹೊರಬಿದ್ದು ಏರು ಹತ್ತಿದಳು. ಹಿಂದೆ ಅವಳ ತಾಯಿ. ಹಿಂದೆ ಅಜ್ಜಿ. ಜನ ದಾರಿ ಬಿಟ್ಟರು. ಎಲ್ಲ ಸುಸೂತ್ರವಾಗಿ ಮುಗಿಯಿತು ಅಂತ ಆಮೇಲೆ ಅಜ್ಜಿಯೇ ಎಲ್ಲರಿಗೂ ತಿಳಿಸಿದರು.

"ನೀನೂ ಬರಬಹುದು," ಅಂದ ಲಿಫ್ಟ್ ಮೆಕ್ಯಾನಿಕ್ ಬಾಗಿಲು ಎತ್ತಿ ಹಿಡಿದು. "ನಿಧಾನ. ಮೆಟ್ಟಿಲು ನೋಡ್ಕೊಂಡು."

"ಬಟ್ಟೆ ಮಡಿಸೋದಿದೆ," ಅಂದು ಟೈಲರ್ ಒಳಗೇ ಕೂತ. ಇದ್ದದ್ದು ಮೂರು ಹೊದಿಕೆ. ಅವುಗಳನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಹೊತ್ತು ಕಳೆದ.

ಆ ದಿನ ಹೇಗಿತ್ತೆಂದು ಕೇಳಬೇಡಿ. ನಲ್ಲಿಯ ಹತ್ತಿರ, ಒಲೆಯ ಹತ್ತಿರ, ನದಿಯಲ್ಲಿ ಕಾಲು ಇಳಿಬಿಟ್ಟು ಕೂತವರ ಹತ್ತಿರ, ಎಲ್ಲೆಲ್ಲೂ ಲಿಫ್ಟ್ ಮೆಕ್ಯಾನಿಕ್ಕಿನ ಕತೆ ನಡೆದಿತ್ತು. ಬೆಳಗಿನ ತಿಂಡಿಗೆ ಒಳಗಿದ್ದವರು ಸುಮ್ಮನೆ ಸಿಕ್ಕಿಹಾಕಿಕೊಂಡಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಗೆ ಉಸಿರು ಕಟ್ಟಿತ್ತು. ಸಂಜೆ ಟೀ ಹೊತ್ತಿಗೆ ಟೈಲರ್ ಪ್ರಜ್ಞೆ ತಪ್ಪಿದ್ದ. ದಾರಿಯಲ್ಲಿ ಹೋಗುವವರು ಟೈಲರನ್ನು ಕಂಡು "ಈಗ ಹೇಗಿದ್ದೀರಿ?" ಅಂತ ಕೇಳತೊಡಗಿದರು. ಒಬ್ಬಾಕೆ ಗ್ಲೂಕೋಸ್ ತಂದುಕೊಟ್ಟಳು. ಟೈಲರ್ ಅದನ್ನೂ ಕುಡಿದ. ಇನ್ನು ಕುಡಿಯುವುದಕ್ಕೇನು?

ಕತ್ತಲು ಕವಿಯುವಾಗ ಅವನು ಸೋಲೊಪ್ಪಿಕೊಂಡ. ಪುಟ್ಟಿಯ ಹೊದಿಕೆ, ದಿಂಬು ತಾನೇ ಎತ್ತಿಕೊಂಡು ಹೋಗಿ ನೀಲಿ ಟೆಂಟಿನೊಳಗೆ ಹಾಸಿದ. ಹೊದಿಕೆಯ ಸುಕ್ಕು ಅಂಗೈಯಿಂದ ನೀವಿ ತೆಗೆದ. ಟೈಲರ್ ನೋಡಿ, ಸುಕ್ಕು ಇದ್ದರೆ ಸರಿಹೋಗುವುದಿಲ್ಲ. ಲಿಫ್ಟ್ ಮೆಕ್ಯಾನಿಕ್ ಫ್ಯಾನನ್ನು ಪುಟ್ಟಿಯ ದಿಂಬಿನ ಕಡೆಗೆ ತಿರುಗಿಸಿಟ್ಟ.

"ಪುಟ್ಟೀ, ಬಾ, ಜಾಗ ರೆಡಿ," ಅಂತ ಕರೆದ.

ಪುಟ್ಟಿ ಬಂದಳು. ಹೊದಿಕೆ ನೋಡಿದಳು. ಅಪ್ಪನನ್ನು ನೋಡಿದಳು.

"ಇದನ್ನ ಯಾಕೆ ಇಲ್ಲಿ ತಂದೆ?"

"ಇಲ್ಲೇ ಮಲಗು ಕಂದಾ. ಬಾಗಿಲು ಎರಡೂ ಕಡೆ ತೆಗೆಯುತ್ತೆ."

"ನನ್ನ ಕಲ್ಲೆಲ್ಲಾ ಅಲ್ಲಿದೆ. ನಾನು ನಮ್ಮ ಟೆಂಟಲ್ಲೇ ಮಲಗೋದು."

ನಮ್ಮ ಟೆಂಟು ಅಂದಳು. ಟೈಲರಿನ ಎದೆ ಎಷ್ಟು ಉಬ್ಬಿತೆಂದರೆ, ಅಳತೆ ಹಿಡಿದಿದ್ದರೆ ಟೇಪು ಸಾಲುತ್ತಿರಲಿಲ್ಲ. ಗೆದ್ದ ಕಣ್ಣಿನಿಂದ ಷಡ್ಡಕನ ಕಡೆ ತಿರುಗಿದ. ಅಷ್ಟರಲ್ಲಿ ಪುಟ್ಟಿಯ ಮಾತು ಇನ್ನೂ ಮುಗಿದಿರಲಿಲ್ಲ.

"ಆದ್ರೆ ದೊಡ್ಡಪ್ಪ ನಮ್ಮ ಬಾಗಿಲ ಹೊರಗೆ ಮಲಗ್ಬೇಕು. ಇಲ್ದಿದ್ರೆ ಬೆಳಿಗ್ಗೆ ಯಾರು ತೆಗೀತಾರೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಾಗಿಲು ತೆರೆದೇ ಇಡೋಣ ಪುಟ್ಟಿ," ಅಂದ ಟೈಲರ್ ಅವಸರವಾಗಿ.

"ಬೇಡ. ಗಾಳಿಗೆ ನೆಗಡಿಯಾಗುತ್ತೆ ಅಂತ ಅಜ್ಜಿ ಹೇಳಿದ್ದಾರೆ."

ಲಿಫ್ಟ್ ಮೆಕ್ಯಾನಿಕ್ ತನ್ನ ನೀಲಿ ಅರಮನೆಯನ್ನು ಒಮ್ಮೆ ನೋಡಿದ. ಎರಡು ರೂಮು, ಕಿಟಕಿ, ಫ್ಯಾನು. ಆಮೇಲೆ ಚಾಪೆ ಸುರುಳಿ ಸುತ್ತಿ ಕಂಕುಳಿಗೆ ಇಟ್ಟುಕೊಂಡ.

"ಡ್ಯೂಟಿ ಅಂದ್ಮೇಲೆ ಡ್ಯೂಟಿ," ಅಂದ.

ಅರಮನೆ ಅವನ ಹೆಂಡತಿಗೂ ಅತ್ತೆಗೂ ಉಳಿಯಿತು. ಒಬ್ಬೊಬ್ಬರಿಗೆ ಒಂದೊಂದು ರೂಮು. ಫ್ಯಾನು ಅತ್ತೆಗೆ.

ಇತ್ತ ಜಿಪ್ಪು ಮೇಲೇರಿತು. ಹುಕ್ಕು ಬಿತ್ತು. ಒಳಗೆ ಪುಟ್ಟಿ ಅಪ್ಪ ಅಮ್ಮನ ನಡುವೆ ಮಲಗಿದಳು.

"ದೊಡ್ಡಪ್ಪಾ, ಇದ್ದೀಯಾ?"

"ಇದ್ದೀನಿ ಪುಟ್ಟಿ."

"ಹೋಗ್ಬೇಡ."

"ಎಲ್ಲಿ ಹೋಗ್ಲಿ ತಾಯಿ?"

ಸ್ವಲ್ಪ ಹೊತ್ತಿಗೆ ಮತ್ತೆ "ದೊಡ್ಡಪ್ಪಾ." ಮತ್ತೆ "ಇದ್ದೀನಿ." ಟೈಲರ್ ಅಂಗಾತ ಮಲಗಿ ಬೂದಿ ಪಟ್ಟೆ, ಕಂದು ಪಟ್ಟೆ ನೋಡುತ್ತಿದ್ದ. ಟೆಂಟು ತನ್ನದು, ಹೊಲಿಗೆ ತನ್ನದು, ಮಗಳು ತನ್ನವಳು. ಮಾತೆಲ್ಲ ಹೊರಗಿರುವವನ ಜೊತೆಗೆ. ಹೊರಗಿದ್ದವನು ಬಟ್ಟೆಯ ಗೋಡೆಗೆ ಕಿವಿ ಕೊಟ್ಟು ಮಲಗಿದ್ದ. ಒಳಗೆ ಗುಂಡಿ ತೆಗೆಯುವ ಸದ್ದು, ಅಪ್ಪನಿಗೆ ಒಂದೊಂದೇ ಕಲ್ಲು ತೋರಿಸುವ ಪಿಸುಮಾತು, ಮೂವರ ನಗು. ಅವನ ಪಾಲಿಗೆ ಸೊಳ್ಳೆ.

"ತಮ್ಮಾ, ನಿದ್ದೆ ಬಂತಾ?"

"ಇಲ್ಲ."

"ಒಳಗೆ ಬೆಚ್ಚಗಿದೆಯಾ?"

"ಇದೆ. ಹೊರಗೆ ಗಾಳಿ ಇದೆಯಾ?"

"ಇದೆ."

ಇಬ್ಬರಿಗೂ ಉರಿಯುತ್ತಿತ್ತು. ನಡುವೆ ಇದ್ದದ್ದು ಒಂದು ಪದರ ಪ್ಯಾಂಟು ಬಟ್ಟೆ ಅಷ್ಟೇ.

ಊರಿಗೆ ಬಂದ ಮೇಲೆ ಟೈಲರ್ ಎರಡೂ ಕಡೆ ಬಾಲವಿರುವ ರನ್ನರ್ ತಂದ. ಹಾಕಲು ಕೂತಾಗ ಪುಟ್ಟಿ "ಆಗ ದೊಡ್ಡಪ್ಪ ಯಾಕೆ ಬರ್ತಾರೆ?" ಅಂತ ಕೇಳಿದಳು. ಅಲ್ಲೇ ಕೂತು ಅದನ್ನು ಕೇಳಿದ ಲಿಫ್ಟ್ ಮೆಕ್ಯಾನಿಕ್ಕಿನ ಮುಖವನ್ನು ನೋಡಲಾಗಲಿಲ್ಲ. ರನ್ನರು ಪೆಟ್ಟಿಗೆಯಲ್ಲೇ ಇದೆ.

ಈಗಲೂ ಪ್ರತಿ ರಜೆಗೆ ಅವರು ಆ ನದಿ ದಂಡೆಗೆ ಬರುತ್ತಾರೆ. ನೀವು ಆ ಕಡೆ ಹೋದರೆ ದಯವಿಟ್ಟು ಅವರನ್ನು ಕಂಡು ಮಾತಾಡಿಸಿ ಬನ್ನಿ. ಗುರುತು ಹಿಡಿಯುವುದು ಕಷ್ಟವಲ್ಲ. ಮರಗಳ ನಡುವೆ ಬೂದಿ, ಕಂದು ಪಟ್ಟೆಗಳ ಟೆಂಟು ಅದೊಂದೇ. ಬೆಳಿಗ್ಗೆ ಬೇಗ ಹೋದರೆ ಚಾಪೆಯ ಮೇಲೆ ಮಲಗಿರುವವನನ್ನು ಮೊದಲು ಎಬ್ಬಿಸಿ. ಅವನ ಕೆಲಸವನ್ನು ಎರಡು ಮಾತು ಹೊಗಳಿ. ಒಳಗಿರುವವನ ಹೊಲಿಗೆಯನ್ನು ಆಮೇಲೆ ನಿಧಾನವಾಗಿ ಹೊಗಳಿದರಾಯಿತು. ಅವನು ಎಲ್ಲಿಗೂ ಹೋಗುವುದಿಲ್ಲ.